ಬ್ಲಡ್ ಅಗಾರ್ ಪ್ಲೇಟ್ ಓದುವುದು ಹೇಗೆ: ಕೆಂಪು ರಕ್ತಕಣಕ್ಕೆ ತೂತು ಕೊರೆಯುವ ಬ್ಯಾಕ್ಟೀರಿಯಾ ವಿಷಗಳ ಬಗ್ಗೆ ಲ್ಯಾಬ್ ಮಾರ್ಗದರ್ಶಿ

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬ್ಲಡ್ ಅಗಾರ್ ಪ್ಲೇಟು (ಬ್ಯಾಕ್ಟೀರಿಯಾ ಬೆಳೆಸಲು ರಕ್ತ ಬೆರೆಸಿ ಹಾಕಿದ ಜೆಲ್ಲಿಯ ತಟ್ಟೆ) ಕೈಗೆ ಕೊಟ್ಟರೆ ನಮ್ಮ ಕಲಬುರಗಿ ಕಡೆಯ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ) ಹುಡುಗರು ಕ್ಷಣದಲ್ಲಿ ‘ಬೀಟಾ’ ಅಂದುಬಿಡುತ್ತಾರೆ. ‘ಹೌದಪಾ, ಯಾಕ ಬೀಟಾ?’ ಅಂತ ಕೇಳಿ ನೋಡಿ. ‘ಸುತ್ತ ತಿಳಿ ಆಗ್ಯಾದಲ್ರಿ ಸರ್’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಬ್ಯಾಕ್ಟೀರಿಯಾ ಕಾಲೊನಿಯ ಸುತ್ತ ರಕ್ತ ಹಸಿರಾದರೆ ಆಲ್ಫಾ, ತಿಳಿಯಾದರೆ ಬೀಟಾ, ಏನೂ ಇಲ್ಲದಿದ್ದರೆ ಗಾಮಾ ಎಂಬ ಕೋಷ್ಟಕ ಬಾಯಿಪಾಠವಾಗಿದೆ. ಆದರೆ ಆ ವಲಯ ಮೂಡಿದ್ದು ಏಕೆ, ಮೂಡಬೇಕಿದ್ದದ್ದು ಏಕೆ ಮೂಡಲಿಲ್ಲ ಎನ್ನುವುದು ಗೊತ್ತಿಲ್ಲದಿದ್ದರೆ ನಿಜವಾದ ಗಂಟಲು ಸ್ವಾಬ್ ಬಂದ ದಿನ ಕೋಷ್ಟಕ ಕೈಕೊಡುತ್ತದೆ. ಪ್ಲೇಟಿನ ಮೇಲೆ ಕಾಣುವುದು ಬ್ಯಾಕ್ಟೀರಿಯಾದ ಗುಣವೊಂದೇ ಅಲ್ಲ. ನೀವು ಹಾಕಿದ ರಕ್ತ, ಕೊಟ್ಟ ಗಾಳಿ, ಇಟ್ಟ ಶಾಖ ಎಲ್ಲವೂ ಅದರೊಳಗೆ ಸೇರಿರುತ್ತವೆ.

ಈ ಮಾರ್ಗದರ್ಶಿ ಡಿಎಂಎಲ್‌ಟಿ, ಬಿಎಸ್ಸಿ ಮತ್ತು ಎಂಎಸ್ಸಿ ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಟೆಕ್ನಿಷಿಯನ್ನರಿಗೆ. ಇಲ್ಲಿರುವ ಕಲ್ಚರ್ ಕೆಲಸವನ್ನು ಬಯೋಸೇಫ್ಟಿ ಎರಡನೇ ಹಂತದ ಲ್ಯಾಬಿನಲ್ಲಿ, ಹಿರಿಯರ ಎದುರಿಗೇ ಮಾಡಬೇಕು. ಮನೆಯಲ್ಲಾಗಲಿ ಹೈಸ್ಕೂಲಿನ ಕೋಣೆಯಲ್ಲಾಗಲಿ ಬೇಡ.

ಮೊದಲು ತೂತಿನ ಕತೆ

ರಂಧ್ರ ಕೊರೆಯುವ ವಿಷಗಳೆಲ್ಲ ಪ್ರೋಟೀನುಗಳು. ಬ್ಯಾಕ್ಟೀರಿಯಾ ಇವನ್ನು ನೀರಿನಲ್ಲಿ ಕರಗುವ ಬಿಡಿ ಅಣುಗಳಾಗಿ ಹೊರಬಿಡುತ್ತದೆ. ಬಿಡಿ ಅಣುವಿನಿಂದ ಏನೂ ಆಗದು. ಅದು ರಕ್ತಕಣದ ಪೊರೆಯನ್ನು ಹಿಡಿದು, ಅಕ್ಕಪಕ್ಕದ ಅಣುಗಳ ಜೊತೆ ಉಂಗುರವಾಗಿ ಜೋಡಿಸಿಕೊಂಡ ಮೇಲೆ, ಉಂಗುರದ ಒಂದು ಭಾಗ ಪೊರೆಯೊಳಗೆ ಇಳಿದು ಕೊಳವೆಯಾಗುತ್ತದೆ.

ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಆಲ್ಫಾ ಟಾಕ್ಸಿನ್‌ನಲ್ಲಿ ಇಂಥ ಏಳು ಅಣುಗಳ ಉಂಗುರ ಇರುತ್ತದೆ. ಪ್ರತಿ ಅಣುವಿನ ತೂಕ ಸುಮಾರು 33 ಕಿಲೋಡಾಲ್ಟನ್. ಈ ಏಳರ ಕೊಳವೆಯ ಸ್ಫಟಿಕ ರಚನೆ 1996ರಲ್ಲಿ ಪ್ರಕಟವಾಯಿತು. ಅದೇ ವರ್ಷ ಇದೇ ಕೊಳವೆಯ ಮೂಲಕ ಒಂಟಿ ಎಳೆಯ ಡಿಎನ್‌ಎಯನ್ನು ದಾಟಿಸಿಯೂ ತೋರಿಸಿದರು. ಡಿಎನ್‌ಎಯನ್ನು ತೂತಿನಲ್ಲಿ ಹಾಯಿಸಿ ಓದುವ ಇವತ್ತಿನ ನ್ಯಾನೊಪೋರ್ ಸೀಕ್ವೆನ್ಸಿಂಗ್‌ನ ಬೇರು ಅಲ್ಲಿದೆ. ಕೊಳವೆಯ ಅತಿ ಕಿರಿದಾದ ಜಾಗ ಸುಮಾರು 1.5 ನ್ಯಾನೊಮೀಟರ್. ಹಿಮೋಗ್ಲೋಬಿನ್ ಅಣುವೋ 5 ನ್ಯಾನೊಮೀಟರಿಗೂ ದಪ್ಪ. ಅಂದಮೇಲೆ ಅದು ಈ ತೂತಿನಲ್ಲಿ ನುಸುಳಿ ಹೊರಬರಲಾರದು. ಹಾಗಾದರೆ ಪ್ಲೇಟು ತಿಳಿಯಾಗುವುದು ಹೇಗೆ?

ಉತ್ತರ ನೀರಿನಲ್ಲಿದೆ. ತೂತು ಬಿದ್ದ ಕೂಡಲೇ ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಹೊರಗಿನ ಸೋಡಿಯಂ ಒಳಗೆ ನುಗ್ಗುತ್ತದೆ. ಸಣ್ಣ ಅಯಾನುಗಳ ಲೆಕ್ಕ ಎರಡೂ ಕಡೆ ಸರಿಯಾಗುತ್ತದೆ, ಹಿಮೋಗ್ಲೋಬಿನ್ ಮಾತ್ರ ಒಳಗೇ ಉಳಿಯುತ್ತದೆ. ಅದರ ಸೆಳೆತಕ್ಕೆ ನೀರು ಒಳಬರುತ್ತಲೇ ಇರುತ್ತದೆ. ನೆನೆಹಾಕಿದ ತೊಗರಿಯ ಹಾಗೆ ಕಣ ಉಬ್ಬುತ್ತದೆ. ತೊಗರಿ ಒಂದು ಹದಕ್ಕೆ ನಿಲ್ಲುತ್ತದೆ, ಕಣ ನಿಲ್ಲದೆ ಒಡೆಯುತ್ತದೆ. ತೂತಿನಲ್ಲಿ ತೂರಲಾಗದಷ್ಟು ದೊಡ್ಡದಾದ ಪಾಲಿಎಥಿಲೀನ್ ಗ್ಲೈಕಾಲ್ ಅಣುಗಳನ್ನು ಹೊರಗೆ ಹಾಕಿದರೆ ಸೆಳೆತ ಸಮವಾಗಿ ಕಣ ಉಳಿದುಕೊಳ್ಳುತ್ತದೆ. ಯಾವ ಗಾತ್ರದ ಅಣು ಹಾಕಿದಾಗ ಕಣ ಉಳಿಯಿತು ಎಂಬುದರಿಂದ ತೂತಿನ ಅಗಲವನ್ನು ಅಂದಾಜು ಮಾಡುವ ಹಳೆಯ ವಿಧಾನವೇ ಇದೆ.

ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್‌ನ ಸ್ಟ್ರೆಪ್ಟೊಲೈಸಿನ್ ಓ ದಾರಿ ಬೇರೆ. ಅದು ಪೊರೆಯಲ್ಲಿರುವ ಕೊಲೆಸ್ಟರಾಲನ್ನು ಹಿಡಿಯುತ್ತದೆ. ಹತ್ತಾರು ಅಣುಗಳು ಸೇರಿ 25ರಿಂದ 30 ನ್ಯಾನೊಮೀಟರ್ ಅಗಲದ ರಂಧ್ರ ಮಾಡುತ್ತವೆ. ಇದರಲ್ಲಿ ಹಿಮೋಗ್ಲೋಬಿನ್ ನೇರವಾಗಿಯೇ ಹೊರಬೀಳಬಹುದು. ನ್ಯುಮೊಲೈಸಿನ್, ಲಿಸ್ಟೀರಿಯೊಲೈಸಿನ್ ಓ, ಪರ್ಫ್ರಿಂಗೊಲೈಸಿನ್ ಓ ಎಲ್ಲ ಇದೇ ಮನೆತನದವು.

ಹಂತ 1: ವಿಷವಿಲ್ಲದೆ ಕಣ ಒಡೆದು ನೋಡಿ

ಕಲ್ಚರ್ ಮುಟ್ಟುವ ಮೊದಲು ಇದನ್ನು ಮಾಡಿಸುವುದು ನನ್ನ ರೂಢಿ. ಡಿಫೈಬ್ರಿನೇಟ್ ಮಾಡಿದ (ಹೆಪ್ಪುಗಟ್ಟಿಸುವ ಫೈಬ್ರಿನ್ ತೆಗೆದ) ಕುರಿ ರಕ್ತವನ್ನು 0.9% ಸಲೈನಿನಲ್ಲಿ ಮೂರು ಸಲ ತೊಳೆದು ಶೇ 2ರ ತೆಳು ದ್ರಾವಣ ಮಾಡಿಕೊಳ್ಳಿ. ಎರಡು ಟ್ಯೂಬಿಗೆ ಅರ್ಧರ್ಧ ಮಿ.ಲೀ. ಹಾಕಿ. ಒಂದಕ್ಕೆ ನಾಲ್ಕೂವರೆ ಮಿ.ಲೀ. ಸಲೈನ್, ಇನ್ನೊಂದಕ್ಕೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸಿ, ಐದು ನಿಮಿಷ ಬಿಟ್ಟು ಸೆಂಟ್ರಿಫ್ಯೂಜ್ ಮಾಡಿ. ಸಲೈನಿನ ಟ್ಯೂಬಿನಲ್ಲಿ ಮೇಲೆ ತಿಳಿ, ತಳದಲ್ಲಿ ಕಣಗಳು ಕೂಡಿದ ಕೆಂಪು ಗುಂಡಿ. ನೀರಿನ ಟ್ಯೂಬಿನಲ್ಲಿ ದ್ರವವೆಲ್ಲ ಕೆಂಪು, ಆದರೆ ಆಚೆ ಬದಿಯ ಅಕ್ಷರ ಕಾಣುವಷ್ಟು ಪಾರದರ್ಶಕ, ತಳದಲ್ಲಿ ಗುಂಡಿಯಿಲ್ಲ.

ಇಡೀ ಕಣಗಳು ಬೆಳಕನ್ನು ಚದುರಿಸುತ್ತವೆ, ಅದಕ್ಕೇ ರಕ್ತ ಮಬ್ಬು. ಒಡೆದ ಮೇಲೆ ಚದುರಿಸಲು ಕಣವೇ ಇರುವುದಿಲ್ಲ. ಪ್ಲೇಟಿನ ಮೇಲಿನ ತಿಳಿ ವಲಯವೂ ಇದೇ. ಅಲ್ಲಿ ಹಿಮೋಗ್ಲೋಬಿನ್ ಅಗಾರಿನಲ್ಲಿ ಹರಡಿ ತೆಳುವಾಗುವುದರಿಂದ ಕೆಂಪೂ ಕಮ್ಮಿಯಾಗುತ್ತದೆ.

ಹಂತ 2: ರಕ್ತ ಯಾವುದು

ಕುರಿ ರಕ್ತವೇ ಆಗಬೇಕು. ಯಾದಗಿರಿ, ಕಲಬುರಗಿ, ಬೀದರ್ ಕಡೆ ದಖ್ಖನಿ ಕುರಿಗೆ ಬರವಿಲ್ಲ, ಆದರೂ ಕೆಲವು ಸಣ್ಣ ಲ್ಯಾಬುಗಳಲ್ಲಿ ಬ್ಲಡ್ ಬ್ಯಾಂಕಿನ ಅವಧಿ ಮೀರಿದ ಚೀಲವನ್ನೇ ಸುರಿಯುವುದುಂಟು. ಇದು ನನಗೆ ಒಪ್ಪಿಗೆಯಿಲ್ಲ. ಆ ಚೀಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿದ ಸಿಟ್ರೇಟ್ ಇರುತ್ತದೆ, ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಅದು ಅಡ್ಡಿ. ರಕ್ತ ಕೊಟ್ಟವರ ದೇಹದಲ್ಲಿ ಸ್ಟ್ರೆಪ್ಟೊಲೈಸಿನ್ ಓ ವಿರುದ್ಧ ಪ್ರತಿಕಾಯಗಳು ಇರಬಹುದು, ಔಷಧದ ಅಂಶವೂ ಇರಬಹುದು. ಸೋಂಕಿನ ಅಪಾಯ ಬೇರೆ. ಇನ್ನೊಂದು ತೊಡಕೆಂದರೆ ಎಂಟರೊಕಾಕಸ್‌ನ ಕೆಲವು ತಳಿಗಳು ಮನುಷ್ಯನ, ಕುದುರೆಯ, ಮೊಲದ ರಕ್ತದಲ್ಲಿ ಬೀಟಾ ಕಾಣಿಸುತ್ತವೆ, ಕುರಿ ರಕ್ತದಲ್ಲಿ ಕಾಣಿಸುವುದಿಲ್ಲ. ಪುಸ್ತಕದ ಕೋಷ್ಟಕಗಳು ಕುರಿ ರಕ್ತವನ್ನು ಲೆಕ್ಕಕ್ಕೆ ಹಿಡಿದು ಬರೆದವು. ರಕ್ತ ಬದಲಾದರೆ ಕೋಷ್ಟಕವೂ ಸುಳ್ಳಾಗುತ್ತದೆ.

ಗಂಟಲು ಸ್ವಾಬಿಗೆ ಕುರಿ ರಕ್ತದಿಂದ ಮತ್ತೊಂದು ಲಾಭ. ಹಿಮೋಫಿಲಸ್ ಹಿಮೊಲಿಟಿಕಸ್ ಎಂಬ ನಿರುಪದ್ರವಿ ಅದರಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಬೆಳೆದಿದ್ದರೆ ಅದರ ತಿಳಿ ವಲಯವನ್ನು ಸ್ಟ್ರೆಪ್ ಎಂದು ಎಣಿಸುವ ಅಪಾಯವಿತ್ತು.

ಕುರಿಯ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆಯುವುದು ಪಶುವೈದ್ಯರ ಕೆಲಸ, ಸಂಸ್ಥೆಯ ಅನುಮತಿಯೂ ಬೇಕು. ಇತ್ತೀಚೆಗೆ ಆಂಟಿಬಯಾಟಿಕ್ ಸೂಜಿ ಬಿದ್ದ ಕುರಿ ಬೇಡ. ಕುರಿ ಸಾಕಿದವರನ್ನು ಕೇಳಿದರೆ ಹೇಳುತ್ತಾರೆ. ಸ್ಟೆರೈಲ್ ಗಾಜಿನ ಮಣಿ ಹಾಕಿದ ಫ್ಲಾಸ್ಕಿಗೆ ರಕ್ತ ಇಳಿಸಿಕೊಂಡು ಹತ್ತು ನಿಮಿಷ ನಿಧಾನವಾಗಿ ತಿರುಗಿಸುತ್ತಿರಿ. ಫೈಬ್ರಿನ್ ಮಣಿಗಳಿಗೆ ಸುತ್ತಿಕೊಳ್ಳುತ್ತದೆ. ಜೋರಾಗಿ ಅಲ್ಲಾಡಿಸಿದರೆ ಕಣಗಳು ಅಲ್ಲಿಯೇ ಒಡೆಯುತ್ತವೆ. 4 ಡಿಗ್ರಿಯಲ್ಲಿಟ್ಟು ವಾರದೊಳಗೆ ಬಳಸಿ. ಫ್ರೀಜರಿಗೆ ಹಾಕಿದರೆ ರಕ್ತ ಕೆಟ್ಟಂತೆಯೇ. ಸ್ವಲ್ಪ ರಕ್ತವನ್ನು ಸೆಂಟ್ರಿಫ್ಯೂಜ್ ಮಾಡಿ ನೋಡಿ. ಮೇಲಿನ ದ್ರವ ಕೆಂಪಗಿದ್ದರೆ ಆ ಬಾಟಲಿ ಬಿಡಿ.

ಹಂತ 3: ಪ್ಲೇಟ್ ಹಾಕುವುದು, ಅದೂ ನಮ್ಮ ಬೇಸಿಗೆಯಲ್ಲಿ

ಬ್ಲಡ್ ಅಗಾರ್ ಬೇಸ್ ಅಥವಾ ಸೋಯಾಬೀನ್ ಕೇಸಿನ್ ಡೈಜೆಸ್ಟ್ ಅಗಾರ್ ತೆಗೆದುಕೊಳ್ಳಿ. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಎರಡು ಸಂಗತಿ ನೋಡಿ: ಸೋಡಿಯಂ ಕ್ಲೋರೈಡ್ ಲೀಟರಿಗೆ 5 ಗ್ರಾಂ ಇರಬೇಕು, ಗ್ಲೂಕೋಸ್ ಇರಬಾರದು. ಉಪ್ಪಿಲ್ಲದಿದ್ದರೆ ಕಣಗಳು ತಾವಾಗಿಯೇ ಒಡೆಯುತ್ತವೆ. ಗ್ಲೂಕೋಸ್ ಇದ್ದರೆ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸಿ, ಬೀಟಾ ಆಗಬೇಕಿದ್ದದ್ದು ಹಸಿರು ಕಾಣಿಸುವಂತೆ ಮಾಡುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ, ಡಿಸ್ಟಿಲ್ಡ್ ವಾಟರ್ ಮಾತ್ರ.

121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಆದ ಮೇಲೆ ಅಗಾರನ್ನು 45ರಿಂದ 50 ಡಿಗ್ರಿಗೆ ಇಳಿಸಬೇಕು. ನಮ್ಮಲ್ಲಿ ಎಡವುವುದು ಇಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ 40 ಡಿಗ್ರಿ ದಾಟಿರುತ್ತದೆ. ಫ್ಲಾಸ್ಕನ್ನು ಕಟ್ಟೆಯ ಮೇಲಿಟ್ಟು ಆರಲಿ ಎಂದು ಕಾಯುತ್ತಾ ಕೂತರೆ ಅದು ಆರುವುದೇ ಇಲ್ಲ, ಕಾಯುವವರ ತಾಳ್ಮೆ ಮುಗಿಯುತ್ತದೆ. ಅಂಗೈಗೆ ಇಟ್ಟು ‘ಹದ ಆಗ್ಯಾದ’ ಎನ್ನುವ ಪದ್ಧತಿಯೂ ಬೇಸಿಗೆಯಲ್ಲಿ ನಂಬಿಕೆಗೆ ಯೋಗ್ಯವಲ್ಲ. 48 ಡಿಗ್ರಿಗೆ ಹಾಕಿದ ವಾಟರ್ ಬಾತಿನಲ್ಲಿ ಫ್ಲಾಸ್ಕ್ ಇಡಿ, ಪಕ್ಕದಲ್ಲಿ ಅಷ್ಟೇ ನೀರು ತುಂಬಿದ ಇನ್ನೊಂದು ಫ್ಲಾಸ್ಕಿಗೆ ಥರ್ಮಾಮೀಟರ್ ಹಾಕಿ ಅದನ್ನು ನೋಡಿ. ಬಿಸಿ ಹೆಚ್ಚಿದ್ದಾಗ ರಕ್ತ ಸುರಿದರೆ ಕಂದು ಬಣ್ಣದ ಚಾಕೊಲೇಟ್ ಅಗಾರ್ ಆಗುತ್ತದೆ. ಅದರಲ್ಲಿ ಹಿಮೋಫಿಲಸ್ ಚೆನ್ನಾಗಿ ಬೆಳೆಯುತ್ತದೆ, ಆದರೆ ಕಣಗಳು ಮೊದಲೇ ಸತ್ತಿರುವುದರಿಂದ ಹೀಮೊಲೈಸಿಸ್ (ರಕ್ತಕಣ ಒಡೆಯುವಿಕೆ) ಓದಲಾಗದು.

500 ಮಿ.ಲೀ. ಅಗಾರ್ ಬೇಸ್‌ಗೆ 25 ಮಿ.ಲೀ. ರಕ್ತ. ಫ್ರಿಜ್ಜಿನಿಂದ ತೆಗೆದ ರಕ್ತವನ್ನು ಕೋಣೆಯ ಉಷ್ಣತೆಗೆ ಬರಲು ಬಿಟ್ಟು, ನೊರೆ ಏಳದಂತೆ ಬೆರೆಸಿ, 90 ಮಿ.ಮೀ. ಪ್ಲೇಟಿಗೆ 20 ಮಿ.ಲೀ.ಯಂತೆ ಹಾಕಿ. ದಪ್ಪ ಸುಮಾರು ಮೂರು ಮಿಲಿಮೀಟರ್ ಬರುತ್ತದೆ. ಶಹಾಬಾದ್ ಕಲ್ಲಿನ ಹಳೆಯ ಕಟ್ಟೆಗಳು ಸಮ ಇರುವುದು ಅಪರೂಪ, ಆದ್ದರಿಂದ ಮೇಸ್ತ್ರಿಗಳ ಲೆವೆಲ್ ಪಟ್ಟಿ ಇಟ್ಟು ಪರೀಕ್ಷಿಸಿದ ಜಾಗದಲ್ಲೇ ಪ್ಲೇಟ್ ಹಾಕಿ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆದರೆ ಒಂದೇ ಕಾಲೊನಿ ಎರಡು ಬಗೆಯ ವಲಯ ತೋರಿಸುತ್ತದೆ.

ಹಂತ 4: ಗೊತ್ತಿರುವ ತಳಿಯ ಮೇಲೆ ಪರೀಕ್ಷಿಸಿ

ಹೊಸ ಬ್ಯಾಚಿನ ಒಂದೆರಡು ಪ್ಲೇಟುಗಳಿಗೆ ಕಂಟ್ರೋಲ್ ತಳಿ ಹಚ್ಚಿ. ಬೀಟಾಗೆ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎಟಿಸಿಸಿ 19615 (ಎಟಿಸಿಸಿ ಎಂದರೆ ತಳಿ ಸಂಗ್ರಹದ ಗುರುತು ಸಂಖ್ಯೆ), ಆಲ್ಫಾಗೆ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಎಟಿಸಿಸಿ 6305 ಸಾಮಾನ್ಯವಾಗಿ ಬಳಕೆಯಲ್ಲಿವೆ. ಏನೂ ಹಚ್ಚದ ಒಂದು ಪ್ಲೇಟನ್ನು ಹಾಗೆಯೇ ಇನ್‌ಕ್ಯುಬೇಟ್ ಮಾಡಿ. ಬೀಟಾ ತಳಿ ತಿಳಿ ವಲಯ ಕೊಡದಿದ್ದರೆ ಆ ಬ್ಯಾಚಿನಲ್ಲಿ ರೋಗಿಯ ಸ್ಯಾಂಪಲ್ ಹಾಕಬೇಡಿ.

ಹಂತ 5: ಹಚ್ಚುವುದು, ಚುಚ್ಚುವುದು

ಸ್ವಾಬನ್ನು ಒಂದು ಮೂಲೆಯಲ್ಲಿ ಉಜ್ಜಿ, ಲೂಪಿನಿಂದ ನಾಲ್ಕು ಭಾಗಗಳಲ್ಲಿ ಎಳೆದು ಬಿಡಿ ಕಾಲೊನಿ ಬರುವಂತೆ ಮಾಡಿ. ಆಮೇಲೆ ಲೂಪನ್ನು ಓರೆಯಾಗಿ ಹಿಡಿದು ಅಗಾರಿನೊಳಗೆ ಎರಡು ಮೂರು ಕಡೆ ಚುಚ್ಚಿ. ವಿದ್ಯಾರ್ಥಿಗಳು ಮರೆಯುವುದು ಈ ಚುಚ್ಚುವಿಕೆಯನ್ನೇ.

ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎರಡು ಹೀಮೊಲೈಸಿನ್ ಮಾಡುತ್ತದೆ. ಸ್ಟ್ರೆಪ್ಟೊಲೈಸಿನ್ ಎಸ್ ಸಣ್ಣ ಪೆಪ್ಟೈಡ್. ಆಮ್ಲಜನಕಕ್ಕೆ ಜಗ್ಗುವುದಿಲ್ಲ, ದೇಹದಲ್ಲಿ ಪ್ರತಿಕಾಯವನ್ನೂ ಹುಟ್ಟಿಸುವುದಿಲ್ಲ. ಪ್ಲೇಟಿನ ಮೇಲ್ಮೈಯಲ್ಲಿ ಕಾಣುವ ತಿಳಿ ವಲಯ ಇದರದು. ಸ್ಟ್ರೆಪ್ಟೊಲೈಸಿನ್ ಓ ಗಾಳಿ ತಾಗಿದರೆ ಕೆಲಸ ನಿಲ್ಲಿಸುತ್ತದೆ. ಅಗಾರಿನೊಳಗೆ ಚುಚ್ಚಿದ ಗೀರಿನಲ್ಲಿ ಆಮ್ಲಜನಕ ಕಮ್ಮಿ, ಅಲ್ಲಿ ಇದರ ಕೆಲಸ ಕಾಣುತ್ತದೆ. ಸ್ಟ್ರೆಪ್ಟೊಲೈಸಿನ್ ಎಸ್ ಮಾಡದ ಅಪರೂಪದ ತಳಿ ಬಂದರೆ ಮೇಲ್ಮೈಯಲ್ಲಿ ಏನೂ ಕಾಣದೆ ಗೀರಿನಲ್ಲಿ ಮಾತ್ರ ತಿಳಿಯಾಗಿರುತ್ತದೆ. ಚುಚ್ಚದಿದ್ದವರು ಅದನ್ನು ಸಾಮಾನ್ಯ ಬ್ಯಾಕ್ಟೀರಿಯಾ ಎಂದು ಬಿಟ್ಟುಬಿಡುತ್ತಾರೆ.

ಪ್ಲೇಟನ್ನು ತಲೆಕೆಳಗಾಗಿಟ್ಟು 35ರಿಂದ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ. ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್ ಇಲ್ಲದ ಕಡೆ ಮೇಣದಬತ್ತಿ ಜಾಡಿ ಸಾಕು; ಬತ್ತಿ ಆರುವಷ್ಟರಲ್ಲಿ ಒಳಗೆ ಸುಮಾರು ಶೇ 3ರಷ್ಟು ಕಾರ್ಬನ್ ಡೈಆಕ್ಸೈಡ್ ಆಗಿರುತ್ತದೆ. ಕರೆಂಟ್ ಹೋಗಿ ಬಂದಿದ್ದರೆ ಎಷ್ಟು ಹೊತ್ತು ಹೋಗಿತ್ತು ಎಂದು ರಿಜಿಸ್ಟರಿನಲ್ಲಿ ಬರೆದಿಡಿ.

ಹಂತ 6: ಓದುವುದು

ಪ್ಲೇಟನ್ನು ಮೇಜಿನ ಮೇಲಿಟ್ಟು ಮೇಲಿಂದ ಬಗ್ಗಿ ನೋಡಿದರೆ ಆಗದು. ಎತ್ತಿ ಹಿಡಿಯಿರಿ, ಬೆಳಕು ಹಿಂದಿನಿಂದ ಬರಲಿ. ತಿಳಿ ವಲಯದ ಹಿಂದೆ ಅಚ್ಚಾದ ಕಾಗದ ಹಿಡಿದು ಅಕ್ಷರ ಓದಲು ಬಂದರೆ ಬೀಟಾ. ಅನುಮಾನವಿದ್ದರೆ ಲೂಪಿನಿಂದ ಕಾಲೊನಿಯನ್ನು ಸರಿಸಿ ಅದರ ಕೆಳಗೆ ನೋಡಿ. ಲಿಸ್ಟೀರಿಯಾ ಮೊನೊಸೈಟೊಜಿನಿಸ್‌ನ ವಲಯ ಎಷ್ಟೋ ಸಲ ಕಾಲೊನಿಯ ಅಡಿಯಲ್ಲೇ ಮುಗಿದಿರುತ್ತದೆ. ಗ್ರೂಪ್ ಬಿ ಸ್ಟ್ರೆಪ್‌ನದೂ ಕಿರಿದು. ಪ್ಲೇಟಿನ ಮುಚ್ಚಳ ತೆಗೆದು ಮೂಸಿ ನೋಡುವ ಹಳೆಯ ಚಾಳಿ ಬೇಡ.

ಆಲ್ಫಾದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹರಡಿದೆ: ಆಲ್ಫಾ ಎಂದರೆ ‘ಅರ್ಧ ಒಡೆದದ್ದು’, ದುರ್ಬಲ ವಿಷದ ಕೆಲಸ ಎಂದು. ಹಾಗಲ್ಲ. ನ್ಯುಮೊಕಾಕಸ್ ಹೈಡ್ರೋಜನ್ ಪೆರಾಕ್ಸೈಡ್ ಹೊರಬಿಡುತ್ತದೆ, ಅದು ಹಿಮೋಗ್ಲೋಬಿನನ್ನು ಆಕ್ಸಿಡೈಸ್ ಮಾಡುವುದರಿಂದ ಹಸಿರು ಬರುತ್ತದೆ. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಆ ಹಸಿರು ವಲಯದಲ್ಲಿ ಕಣಗಳ ಅಂಚು ಹಾಗೆಯೇ ಕಾಣಿಸುತ್ತದೆ. ಹಾಗಂತ ನ್ಯುಮೊಕಾಕಸ್‌ಗೆ ರಂಧ್ರ ಕೊರೆಯುವ ವಿಷ ಇಲ್ಲವೆಂದಲ್ಲ, ನ್ಯುಮೊಲೈಸಿನ್ ಇದೆ. ಅದು ಹೆಚ್ಚಾಗಿ ಬ್ಯಾಕ್ಟೀರಿಯಾ ತಾನೇ ಒಡೆದಾಗ ಹೊರಬರುತ್ತದೆ. ಪ್ಲೇಟಿನಲ್ಲಿ ಕಾಣುವ ಹಸಿರಿಗೂ ಶ್ವಾಸಕೋಶದಲ್ಲಿ ಅದು ಮಾಡುವ ಹಾನಿಗೂ ನೇರ ಲೆಕ್ಕ ಹಾಕಬೇಡಿ.

ಗಾಮಾ ಕಂಡರೆ ‘ವಿಷವಿಲ್ಲ’ ಎಂದು ಬರೆಯಬಾರದು ಎನ್ನುವುದಕ್ಕೆ ನಮ್ಮ ಕುರಿಗಾಹಿಗಳಿಗೆ ಗೊತ್ತಿರುವ ಉದಾಹರಣೆಯೇ ಇದೆ. ಕರುಳು ಬೇನೆಗೆ ಕಾರಣವಾದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಡಿ ವಿಧದ ಎಪ್ಸಿಲಾನ್ ಟಾಕ್ಸಿನ್ ಕೂಡ ಏಳು ಅಣುಗಳ ರಂಧ್ರವನ್ನೇ ಕೊರೆಯುತ್ತದೆ. ಚೆನ್ನಾಗಿ ಮೇಯುತ್ತಿದ್ದ ಕುರಿ ಇದ್ದಕ್ಕಿದ್ದಂತೆ ಬೀಳುವುದು ಅದರಿಂದ. ಆದರೆ ಅದರ ಗುರಿ ಮಿದುಳು, ಮೂತ್ರಪಿಂಡ ಮತ್ತು ರಕ್ತನಾಳದ ಒಳಪದರ. ಪ್ಲೇಟಿನ ಕುರಿ ರಕ್ತದಲ್ಲಿ ಕಾಣುವ ವಲಯ ಅದರದಲ್ಲ. ಪರ್ಫ್ರಿಂಜನ್ಸ್ ಪ್ಲೇಟಿನಲ್ಲಿ ಕಾಣುವ ಎರಡು ವಲಯಗಳಲ್ಲಿ ಒಳಗಿನ ಪೂರ್ತಿ ತಿಳಿ ವಲಯ ಪರ್ಫ್ರಿಂಗೊಲೈಸಿನ್ ಓ ಕೆಲಸ, ಹೊರಗಿನ ಮಬ್ಬು ವಲಯ ಆಲ್ಫಾ ಟಾಕ್ಸಿನ್ ಎಂಬ ಕಿಣ್ವದ್ದು. ಈ ಕಿಣ್ವ ರಂಧ್ರ ಕೊರೆಯುವುದಿಲ್ಲ, ಪೊರೆಯ ಕೊಬ್ಬನ್ನೇ ಕತ್ತರಿಸುತ್ತದೆ.

ಈಗ ಹೆಸರಿನ ಗೋಜಲು. ಹೀಮೊಲೈಸಿಸ್‌ಗೆ ಆಲ್ಫಾ, ಬೀಟಾ, ಗಾಮಾ ಎಂಬ ವಿಂಗಡಣೆ ಕೊಟ್ಟದ್ದು 1919ರಲ್ಲಿ ಜೇಮ್ಸ್ ಹೊವಾರ್ಡ್ ಬ್ರೌನ್. ವಿಷಗಳಿಗೆ ಆಲ್ಫಾ, ಬೀಟಾ ಎಂದು ಹೆಸರಿಟ್ಟದ್ದು ಬೇರೆ ಸರಣಿ. ಆದ್ದರಿಂದ ಸ್ಟ್ಯಾಫ್ ಆರಿಯಸ್‌ನ ಆಲ್ಫಾ ಟಾಕ್ಸಿನ್ ಕೊಡುವುದು ಬೀಟಾ ಮಾದರಿಯ ತಿಳಿ ವಲಯ. ಅದರ ಬೀಟಾ ಟಾಕ್ಸಿನ್ ರಂಧ್ರವನ್ನೇ ಕೊರೆಯುವುದಿಲ್ಲ; ಅದು ಪೊರೆಯ ಸ್ಫಿಂಗೊಮಯೆಲಿನ್ ಎಂಬ ಕೊಬ್ಬನ್ನು ಕತ್ತರಿಸುವ ಕಿಣ್ವ. 37 ಡಿಗ್ರಿಯಲ್ಲಿ ಮಬ್ಬಾಗಿದ್ದ ವಲಯ ಫ್ರಿಜ್ಜಿನಲ್ಲಿ ಕೆಲ ಹೊತ್ತು ಇಟ್ಟ ಮೇಲೆ ತಿಳಿಯಾದರೆ ಅದು ಇದರ ಗುರುತು. ವೈವಾದಲ್ಲಿ ಪರೀಕ್ಷಕರು ಕೇಳಲು ಇಷ್ಟಪಡುವ ಪ್ರಶ್ನೆ ಇದು.

ಹಂತ 7: ಕ್ಯಾಂಪ್ ಪರೀಕ್ಷೆ

ಕ್ರಿಸ್ಟಿ, ಆಟ್ಕಿನ್ಸ್, ಮಂಚ್-ಪೀಟರ್ಸನ್ ಎಂಬ ಮೂವರು 1944ರಲ್ಲಿ ವಿವರಿಸಿದ ಈ ಪರೀಕ್ಷೆ ಮೇಲಿನ ಬೀಟಾ ಟಾಕ್ಸಿನ್ ಮೇಲೆಯೇ ನಿಂತಿದೆ. ನವಜಾತ ಶಿಶುಗಳಲ್ಲಿ ನಂಜು ತರುವ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಗುರುತಿಸಲು ಇದು ಅಗ್ಗದ, ಒಳ್ಳೆಯ ದಾರಿ.

ಕುರಿ ರಕ್ತದ ಪ್ಲೇಟಿನ ನಡುವೆ ಸ್ಟ್ಯಾಫ್ ಆರಿಯಸ್ ಎಟಿಸಿಸಿ 25923 ಒಂದೇ ಗೆರೆಯಾಗಿ ಎಳೆಯಿರಿ. ಪರೀಕ್ಷಿಸಬೇಕಾದ ತಳಿಯನ್ನು ಅದಕ್ಕೆ ಲಂಬವಾಗಿ, ಎರಡು-ಮೂರು ಮಿಲಿಮೀಟರ್ ಅಂತರ ಬಿಟ್ಟು ಎಳೆಯಿರಿ. ಗೆರೆಗಳು ಮುಟ್ಟಬಾರದು. ಒಂದು ಗೊತ್ತಿರುವ ಗ್ರೂಪ್ ಬಿ, ಒಂದು ಗ್ರೂಪ್ ಎ (ಅಂದರೆ ಪಯೋಜೆನಿಸ್) ತಳಿಯೂ ಅದೇ ಪ್ಲೇಟಿನಲ್ಲಿರಲಿ. ಮಾಮೂಲಿ ಗಾಳಿಯಲ್ಲಿ ರಾತ್ರಿಯಿಡೀ ಇಡಿ, ಮೇಣದಬತ್ತಿ ಜಾಡಿ ಇದಕ್ಕೆ ಬೇಡ. ಗಾಳಿ ಬದಲಾದರೆ ಕೆಲವು ಗ್ರೂಪ್ ಎ ತಳಿಗಳೂ ಪಾಸಿಟಿವ್ ತೋರಿಸುತ್ತವೆ. ಎರಡು ಗೆರೆ ಸಮೀಪಿಸುವಲ್ಲಿ ಬಾಣದ ತುದಿಯಂಥ ತಿಳಿ ವಲಯ ಬಂದರೆ ಪಾಸಿಟಿವ್. ಸ್ಟ್ಯಾಫ್‌ನ ಕಿಣ್ವ ಪೊರೆಯನ್ನು ಸಡಿಲಿಸಿಟ್ಟಿರುತ್ತದೆ, ಗ್ರೂಪ್ ಬಿ ಬಿಡುವ ಕ್ಯಾಂಪ್ ಫ್ಯಾಕ್ಟರ್ ಅಲ್ಲಿ ರಂಧ್ರ ಕೊರೆದು ಕಣವನ್ನು ಪೂರ್ತಿ ಒಡೆಯುತ್ತದೆ. ಒಂದೊಂದೇ ಇದ್ದರೆ ಇಷ್ಟು ತಿಳಿಯಾಗುವುದಿಲ್ಲ. ಕುರಿಯ ರಕ್ತಕಣದ ಪೊರೆಯಲ್ಲಿ ಸ್ಫಿಂಗೊಮಯೆಲಿನ್ ಹೇರಳವಾಗಿರುವುದರಿಂದಲೇ ಪರೀಕ್ಷೆ ಇಷ್ಟು ಸ್ಪಷ್ಟ.

ಹಂತ 8: ಎಎಸ್‌ಓ ವರದಿ ಬಂದಾಗ

ಸ್ಟ್ರೆಪ್ಟೊಲೈಸಿನ್ ಓ ವಿರುದ್ಧ ದೇಹ ಮಾಡುವ ಪ್ರತಿಕಾಯವನ್ನು ಅಳೆಯುವುದೇ ಎಎಸ್‌ಓ. ರುಮ್ಯಾಟಿಕ್ ಜ್ವರದ ಅನುಮಾನದಲ್ಲಿ ಇದನ್ನು ಬರೆಯುತ್ತಾರೆ. ಲೇಟೆಕ್ಸ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಮಿ.ಲೀ.ಗೆ 200 ಯೂನಿಟ್ ಗಡಿ. ಗಂಟಲು ಸೋಂಕು ಆದ ಒಂದೆರಡು ವಾರದ ಮೇಲೆ ಏರಲು ಶುರುವಾಗಿ ಮೂರರಿಂದ ಐದು ವಾರದ ಹೊತ್ತಿಗೆ ತುತ್ತತುದಿಗೆ ಹೋಗುತ್ತದೆ. ಆದ್ದರಿಂದ ಇವತ್ತು ಗಂಟಲು ಕೆಟ್ಟವರಿಗೆ ಇವತ್ತೇ ಎಎಸ್‌ಓ ಮಾಡಿ ‘ನಾರ್ಮಲ್’ ಎಂದರೆ ಅರ್ಥವಿಲ್ಲ. ಚರ್ಮದ ಹುಣ್ಣಿನಿಂದ ಬಂದ ಸ್ಟ್ರೆಪ್ ಸೋಂಕಿನಲ್ಲಿ ಎಎಸ್‌ಓ ಸರಿಯಾಗಿ ಏರುವುದೇ ಇಲ್ಲ, ಏಕೆಂದರೆ ಚರ್ಮದ ಕೊಬ್ಬು ಸ್ಟ್ರೆಪ್ಟೊಲೈಸಿನ್ ಓವನ್ನು ಕಟ್ಟಿಹಾಕುತ್ತದೆ. ಮಕ್ಕಳ ಕಾಲಿನ ಹುಣ್ಣು ಮಾಗಿದ ಮೇಲೆ ಮುಖ ಊದಿ ಮೂತ್ರ ಕೆಂಪಾದ ಪ್ರಕರಣಗಳಲ್ಲಿ ಸ್ಟ್ರೆಪ್‌ನ ಇನ್ನೊಂದು ಕಿಣ್ವದ ವಿರುದ್ಧದ ಪ್ರತಿಕಾಯ ಅಳೆಯುವ ಆಂಟಿ ಡಿಎನ್‌ಏಸ್ ಬಿ ಪರೀಕ್ಷೆ ಹೆಚ್ಚು ಉಪಯೋಗ. ಇದನ್ನು ನಿರ್ಧರಿಸುವವರು ವೈದ್ಯರು. ಲ್ಯಾಬಿನವರು ಗೊತ್ತಿದ್ದು ನೆನಪಿಸಿದರೆ ತಪ್ಪಿಲ್ಲ.

ಹಂತ 9: ಬರೆಯುವುದು, ವಿಲೇವಾರಿ

ರಿಜಿಸ್ಟರಿನಲ್ಲಿ ಬರೀ ‘ಬೀಟಾ’ ಎಂದು ಬರೆಯಬೇಡಿ. ಯಾವ ರಕ್ತ, ಎಷ್ಟು ಗಂಟೆ, ಯಾವ ಗಾಳಿ, ವಲಯ ಮೇಲ್ಮೈಯಲ್ಲೋ ಗೀರಿನಲ್ಲೋ, ಅಗಲ ಎಷ್ಟು ಎಂಬುದೂ ಇರಲಿ. ಬೀಟಾ ಎಂಬುದರಿಂದಲೇ ಗ್ರೂಪ್ ಎ ಎಂದು ವರದಿ ಕೊಡಬಾರದು; ಗ್ರಾಂ ಸ್ಟೇನ್, ಕೆಟಲೇಸ್, ಬಾಸಿಟ್ರಾಸಿನ್ ಡಿಸ್ಕ್ ಅಥವಾ ಪಿವೈಆರ್ ಎಂಬ ಗುರುತು ಪರೀಕ್ಷೆಗಳು, ಸಾಧ್ಯವಿದ್ದರೆ ಎ, ಬಿ ಗುಂಪು ಹೇಳುವ ಲ್ಯಾನ್ಸ್‌ಫೀಲ್ಡ್ ಗ್ರೂಪಿಂಗ್ ಆದ ಮೇಲೆ ಮಾತ್ರ.

ಓದಿ ಮುಗಿದ ಪ್ಲೇಟುಗಳನ್ನು ಆಟೋಕ್ಲೇವ್ ಚೀಲದಲ್ಲಿ ಹಾಕಿ ಲ್ಯಾಬಿನೊಳಗೇ ಕೊಲ್ಲಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸಾಮಾನ್ಯ ಗ್ರಾವಿಟಿ ಆಟೋಕ್ಲೇವಿನಲ್ಲಿ 121 ಡಿಗ್ರಿ, 15 ಪಿಎಸ್‌ಐ, ಕನಿಷ್ಠ 60 ನಿಮಿಷ. ಮೀಡಿಯಾಗೆ ಸಾಕಾಗುವ 15 ನಿಮಿಷ ಇದಕ್ಕೆ ಸಾಲದು. ನಡುವೆ ಕರೆಂಟ್ ಹೋಗಿ ಮುಳ್ಳು 121ರಿಂದ ಕೆಳಗಿಳಿದರೆ, ಮತ್ತೆ ಏರಿದ ಮೇಲೆ 60 ನಿಮಿಷವನ್ನು ಮೊದಲಿನಿಂದ ಎಣಿಸಿ.